ವೆಬ್‌ಸೈಟ್ ಆಮೇಲೆ, ಮೊದಲು ಕೊಬ್ಬರಿ

ಅರಳಗುಪ್ಪೆಯಿಂದ ಬರೆದ ಸೋದರಿಗೆ,

ವೆಬ್‌ಸೈಟಿಗೆಂದು ಎತ್ತಿಟ್ಟ ದುಡ್ಡನ್ನು ಸದ್ಯಕ್ಕೆ ಮುಟ್ಟಬೇಡಿ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಮಾಡಲು ಖರ್ಚಿಲ್ಲ, ಹಣಕ್ಕೆ ಯುಪಿಐ ಇದೆ. ಬೆಂಗಳೂರಿನ ನೆಂಟರಿಷ್ಟರೇ ಮೊದಲ ಗಿರಾಕಿಗಳಾಗಲಿ.

ಉಂಡೆ ಕೊಬ್ಬರಿಯೊಂದನ್ನೇ ಹಿಡಿದುಕೊಳ್ಳಿ. ಎಣ್ಣೆ ಬೇಡ, ಪಾರ್ಸೆಲ್‌ನಲ್ಲಿ ಸೋರಿದರೆ ಬೇರೆಯವರ ಸಾಮಾನೂ ಹಾಳು. ತಿಂಗಳುಗಟ್ಟಲೆ ಅಟ್ಟದಲ್ಲಿದ್ದ ಕಾಯಿಯೇ ಆದರೂ ಪೂರ್ತಿ ಒಣಗದ್ದನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿದರೆ ಬೂಷ್ಟು ಬರುತ್ತದೆ. ಪ್ರತಿ ರಾಶಿಯಿಂದ ಒಂದೆರಡು ಉಂಡೆ ಒಡೆದು ನೋಡಿ, ಆಮೇಲೆ ಕಟ್ಟಿ. ಫೋಟೊದಲ್ಲೂ ಒಡೆದ ಹೋಳು ಕಾಣಲಿ. ಪೇಟೆಯವರು ನೋಡುವುದು ಒಳಗಿನ ಬಿಳುಪನ್ನೇ.

ಬೆಲೆ ಕಟ್ಟುವಾಗ ತಿಪಟೂರು ಎಪಿಎಂಸಿಯ ಆ ವಾರದ ದರ ಹಿಡಿಯಿರಿ. ಅದರ ಮೇಲೆ ಡಬ್ಬ, ಅಂಚೆ, ಮನೆಯವರ ಕೂಲಿ ಸೇರಿಸಿ. (ಈ ಕೊನೆಯದನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ!) ಅರ್ಧ ಕೆಜಿಗಿಂತ ಎರಡು ಕೆಜಿಯ ಕಟ್ಟಿಗೆ ಸಾಗಣೆ ಖರ್ಚು ಗಿಟ್ಟುತ್ತದೆ.

ಎಫ್‌ಎಸ್‌ಎಸ್‌ಎಐ ನೋಂದಣಿ ಮಾತ್ರ ಮೊದಲೇ ಆಗಲಿ. ಆ ಸಂಖ್ಯೆ, ತೂಕ, ಪ್ಯಾಕ್ ಮಾಡಿದ ದಿನ, ಎಂಆರ್‌ಪಿ, ವಿಳಾಸ ಲೇಬಲ್ ಮೇಲಿರಬೇಕು. ಮುಂದೆ ದೊಡ್ಡ ಇ-ಕಾಮರ್ಸ್ ತಾಣಕ್ಕೆ ಹೋದರೂ, ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್‌ನಿಂದ ಜಿಎಸ್‌ಟಿ ನೋಂದಣಿಯ ಕಡ್ಡಾಯವಿಲ್ಲ, ದಾಖಲಾತಿ ಸಂಖ್ಯೆ ಪಡೆದರಾಯಿತು. ಹೊರರಾಜ್ಯಕ್ಕೆ ಕೊಬ್ಬರಿ ಮಾರಲು ಹೊರಟ ದಿನ ಜಿಎಸ್‌ಟಿ ಬೇಕೇ ಬೇಕು.