ಹಳೇ ಕಂಪ್ಯೂಟರಿಗೆ ಹೊಸ ಜೀವವೋ, ಹೊಸ ಕಂಪ್ಯೂಟರೋ? ಹತ್ತು ಸೂತ್ರಗಳು

ಪುಣೆ–ಸೋಲಾಪುರ ಹೆದ್ದಾರಿಯ ಮಗ್ಗುಲಲ್ಲಿರುವ ಕುರಕುಂಭ ರಾಸಾಯನಿಕ ಕಾರ್ಖಾನೆಗಳ ಊರು. ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಸುತ್ತಲಿನ ಗುತ್ತಿಗೆದಾರರ ಕಚೇರಿ, ಲಾರಿ ಬುಕಿಂಗ್ ಆಫೀಸು, ಝೆರಾಕ್ಸ್ ಅಂಗಡಿ ಎಲ್ಲವೂ ನಡೆಯುವುದು ಕಂಪ್ಯೂಟರಿನ ಮೇಲೆ. ಕಲಬುರಗಿ, ಸೋಲಾಪುರದ ಕಡೆಯಿಂದ ಬಂದು ಇಲ್ಲಿ ದುಡಿಯುವ ಕನ್ನಡ ಮನೆಗಳಲ್ಲೂ ಮಕ್ಕಳ ಓದಿಗೆ ಅದು ಬೇಕು. ಅದು ನಿಧಾನವಾದಾಗ ರಿಪೇರಿ ಮಾಡಿಸುವುದೋ, ಹೊಸದು ತರುವುದೋ? ದುಡಿದ ದುಡ್ಡು ಪೋಲಾಗದಂತೆ ತೀರ್ಮಾನಿಸಲು ಈ ಹತ್ತು ಸೂತ್ರಗಳು.

1. ವಯಸ್ಸು ನೋಡಬೇಡಿ, ಕೆಲಸ ನೋಡಿ

ಒಂದು ಹಾಳೆ ತೆಗೆದುಕೊಂಡು ನಿಮ್ಮ ಕಂಪ್ಯೂಟರಿನಲ್ಲಿ ನಿತ್ಯ ಆಗುವ ಕೆಲಸಗಳನ್ನು ಬರೆಯಿರಿ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ರಿಟರ್ನ್, ಆನ್‌ಲೈನ್ ಪಾಠ ಇಷ್ಟೇ ಆದರೆ ಏಳೆಂಟು ವರ್ಷದ ಯಂತ್ರವೂ ಸಾಕಾಗಬಹುದು. ಆಟೋಕ್ಯಾಡ್‌ನ ದೊಡ್ಡ ನಕ್ಷೆ, ವಿಡಿಯೊ ಎಡಿಟಿಂಗ್ ಇದ್ದರೆ ಲೆಕ್ಕವೇ ಬೇರೆ. ಪಟ್ಟಿ ಕೈಯಲ್ಲಿಲ್ಲದೆ ಅಂಗಡಿಗೆ ಹೋಗಬೇಡಿ.

2. ಮೊದಲು ರೋಗ ಹುಡುಕಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ; ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದನ್ನು ಹಾಗೇ ಬಿಟ್ಟು ಟ್ಯಾಲಿ ತೆರೆಯಿರಿ, ಬ್ರೌಸರಿನಲ್ಲಿ ಏಳೆಂಟು ಪುಟ ತೆರೆಯಿರಿ, ಒಂದು ದೊಡ್ಡ ಎಕ್ಸೆಲ್ ಫೈಲನ್ನೂ ತೆರೆಯಿರಿ. ಈಗ ಅಂಕಿಗಳನ್ನು ನೋಡಿ. ಡಿಸ್ಕ್ 100 ಪ್ರತಿಶತಕ್ಕೆ ಹೋಗಿ ಅಲ್ಲೇ ನಿಂತರೆ ತೊಂದರೆ ಹಾರ್ಡ್ ಡಿಸ್ಕಿನದು. ಮೆಮೊರಿ 90 ದಾಟಿದರೆ ರ‍್ಯಾಮ್ ಸಾಲುತ್ತಿಲ್ಲ. ಇವೆರಡೂ ಸುಮ್ಮನಿದ್ದು ಸಿಪಿಯು ಮಾತ್ರ ಸದಾ 100ರಲ್ಲೇ ಇದ್ದರೆ ಪ್ರೊಸೆಸರ್ ದಣಿದಿದೆ ಎಂದರ್ಥ. ಮೊದಲೆರಡು ರೋಗಕ್ಕೆ ಅಗ್ಗದ ಮದ್ದಿದೆ. ಮೂರನೆಯದಕ್ಕೆ ಬಹುಪಾಲು ಹೊಸ ಯಂತ್ರವೇ ಮದ್ದು.

3. ಬೇರೇನೂ ಮಾಡದಿದ್ದರೂ ಎಸ್‌ಎಸ್‌ಡಿ ಹಾಕಿಸಿ

ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಒಂದು ಮುಳ್ಳು ಓಡಾಡಿ ಮಾಹಿತಿ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ಅಲುಗಾಡುವ ಭಾಗವೇ ಇಲ್ಲ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100ರಿಂದ 150 ಎಂಬಿ ಓದಿದರೆ, ಸಾಮಾನ್ಯ ಸಾಟಾ ಎಸ್‌ಎಸ್‌ಡಿ 500 ಎಂಬಿ ದಾಟುತ್ತದೆ. ಚಿಕ್ಕಚಿಕ್ಕ ಫೈಲುಗಳಲ್ಲಿ ಅಂತರ ಇನ್ನೂ ಹೆಚ್ಚು. ಕಂಪ್ಯೂಟರ್ ಶುರುವಾಗುವಾಗ ಆಗುವುದು ಬಹಳಷ್ಟು ಅಂಥ ಕೆಲಸವೇ. ಹಾಗಾಗಿ ಕೊಟ್ಟ ಕಾಸಿಗೆ ಕಣ್ಣಿಗೆ ಕಾಣುವ ಬದಲಾವಣೆ ತರುವುದರಲ್ಲಿ ಇದೇ ಮೊದಲನೆಯದು.

4. ರ‍್ಯಾಮ್ ಕೊಳ್ಳುವ ಮುಂಚೆ ಮದರ್‌ಬೋರ್ಡನ್ನು ಕೇಳಿ

ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ರ‍್ಯಾಮ್ ಪಟ್ಟಿಯ ಅಂಚಿನ ಕಚ್ಚೇ ಬೇರೆ ಕಡೆ ಇರುತ್ತದೆ. ಪುಣೆಯ ಬುಧವಾರ ಪೇಟೆಯ ತಾಪಕೀರ್ ಗಲ್ಲಿಗೆ ಕೊಳ್ಳಲು ಹೋಗುವವರು ಹಳೇ ಪಟ್ಟಿಯನ್ನು ಬಿಚ್ಚಿ ಕೈಯಲ್ಲೇ ಹಿಡಿದು ಹೋಗಿ. ತೆಳ್ಳನೆಯ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಲ್ಲಿ ಹೆಚ್ಚಿಸಲು ದಾರಿಯಿಲ್ಲ. ಇನ್ನೊಂದು ಮಾತು: ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ಮೆಮೊರಿ ಬೆಲೆ ವಿಪರೀತ ಏರಿತು. ಅದಕ್ಕೂ ಮುಂಚೆ ಯಾರೋ ಕೊಟ್ಟ ದರವನ್ನು ನಂಬಿ ಲೆಕ್ಕ ಹಾಕದೆ ಇವತ್ತಿನ ದರ ಕೇಳಿ.

5. ವಿಂಡೋಸ್ 11 ಎಂಬ ಗೆರೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಬಹುತೇಕ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ತಂತ್ರಾಂಶ ಉಚಿತವಾಗಿಯೇ ಪರೀಕ್ಷಿಸಿ ಹೇಳುತ್ತದೆ. ಪಾಸಾದರೆ ಎಸ್‌ಎಸ್‌ಡಿ, ರ‍್ಯಾಮ್ ಹಾಕಿಸಿ ಧೈರ್ಯವಾಗಿ ಮುಂದುವರಿಯಿರಿ. ಫೇಲಾಗಿ, ಅದರಲ್ಲೇ ಬ್ಯಾಂಕು, ಜಿಎಸ್‌ಟಿ ವ್ಯವಹಾರ ನಡೆಯುತ್ತಿದ್ದರೆ ಹೊಸದಕ್ಕೆ ಹೋಗಿ. ಭದ್ರತಾ ಅಪ್‌ಡೇಟ್ ಬರದ ಯಂತ್ರದಲ್ಲಿ ದುಡ್ಡಿನ ವ್ಯವಹಾರ ಬೇಡವೇ ಬೇಡ.

ಬರೀ ಓದು, ಪತ್ರ, ಇಂಟರ್ನೆಟ್ಟಿಗಾದರೆ ಉಚಿತವಾದ ಲಿನಕ್ಸ್ ಮಿಂಟ್ ಹಾಕಿಸಬಹುದು. ಅದರಲ್ಲಿ ಕನ್ನಡ ಟೈಪಿಂಗೂ ಆಗುತ್ತದೆ. ಬೆಂಗಳೂರಿನಲ್ಲೇ ಬೆಳೆದ ಟ್ಯಾಲಿಗೆ ಮಾತ್ರ ವಿಂಡೋಸೇ ಬೇಕು.

6. ಬೋರ್ಡಿಗೆ ಕೈ ಹಾಕುವಂತಾದರೆ ನಿಲ್ಲಿ

ಪ್ರೊಸೆಸರ್ ಬದಲಿಸುತ್ತೇನೆಂದು ಹೊರಟವರು ಅನೇಕ ಸಲ ಬೋರ್ಡನ್ನೂ ಬದಲಿಸಬೇಕಾಗುತ್ತದೆ. ಇಂಟೆಲ್‌ನ ಏಳನೇ, ಎಂಟನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳೆರಡಕ್ಕೂ 1151 ಸಂಪರ್ಕಗಳ ಸಾಕೆಟ್ಟೇ, ಆದರೂ ಎಂಟನೆಯದಕ್ಕೆ 300 ಸರಣಿಯ ಬೋರ್ಡ್ ಬೇಕು. ಬೋರ್ಡ್ ಬದಲಾದರೆ ರ‍್ಯಾಮ್ ಕೂಡ ಬದಲಿಸಬೇಕಾಗಬಹುದು, ಹಳೇ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಪೆಟ್ಟಿಗೆಯೂ ಕೈಕೊಡಬಹುದು. ಹೀಗೆ ಒಂದಕ್ಕೊಂದು ಸೇರುತ್ತಾ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ನನ್ನ ಲೆಕ್ಕ ಇಷ್ಟು: ಒಟ್ಟು ಖರ್ಚು ಹೊಸ ಯಂತ್ರದ ಬೆಲೆಯ ಮೂರನೇ ಒಂದು ಭಾಗದೊಳಗಿದ್ದರೆ ಹಾಕಿಸಿ, ಅರ್ಧ ಮುಟ್ಟಿದರೆ ಬಿಡಿ.

7. ಊರಿನ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಗಂಧಕದ ಅಂಶವಿರುವ ಗಾಳಿ ತಾಮ್ರ, ಬೆಳ್ಳಿಯ ಸಂಪರ್ಕಗಳನ್ನು ನಿಧಾನವಾಗಿ ತಿನ್ನುತ್ತದೆ. ತೇವ ಮತ್ತು ಧೂಳು ಸೇರಿದರೆ ಇನ್ನೂ ಬೇಗ. ಕಾರ್ಖಾನೆಗಳ ನಡುವೆ ಇರುವವರು ಖರ್ಚು ಮಾಡುವ ಮುಂಚೆ ಕ್ಯಾಬಿನೆಟ್ ಬಿಚ್ಚಿಸಿ ನೋಡಿ. ಫ್ಯಾನಿಗೆ ಧೂಳು ಮೆತ್ತಿದ್ದರೆ ಬ್ಲೋವರ್ ಸಾಕು. ರ‍್ಯಾಮಿನ ಹಳದಿ ಹಲ್ಲುಗಳು ಮಂಕಾಗಿದ್ದರೆ ಮೆಕ್ಯಾನಿಕ್ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುತ್ತಾನೆ. ಸತ್ತಿತೆಂದುಕೊಂಡ ಯಂತ್ರ ಎದ್ದು ಕೂರುವುದುಂಟು. ಗಡಿಯಾರ ಪದೇ ಪದೇ ತಪ್ಪಿದರೆ ಬಹುಶಃ ಬೋರ್ಡಿನ ಮೇಲಿನ 3 ವೋಲ್ಟಿನ ಸಿಆರ್2032 ಸೆಲ್ ಮುಗಿದಿದೆ. ಆದರೆ ಬೋರ್ಡಿನ ಮೇಲೆಯೇ ಹಸಿರು, ಕಪ್ಪು ಕಿಲುಬು ಹಬ್ಬಿದ್ದರೆ ಅದಕ್ಕೆ ಒಂದು ರೂಪಾಯಿಯನ್ನೂ ಸುರಿಯಬೇಡಿ. ಹೊಸದನ್ನು ತಂದರೆ ಕಿಟಕಿಯಿಂದ ದೂರ ಇಟ್ಟು, ಜತೆಗೊಂದು ಯುಪಿಎಸ್ ಕೂಡಿಸಿ.

8. ನಡುವೆ ಮೂರನೆಯ ದಾರಿಯೂ ಇದೆ

ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಲ್ಯಾಪ್‌ಟಾಪ್‌ಗಳು ಪುಣೆ, ಬೆಂಗಳೂರಿನ ಮಾರುಕಟ್ಟೆಯಲ್ಲಿ ಸಿಗುತ್ತವೆ. 2018ರ ಥಿಂಕ್‌ಪ್ಯಾಡ್ ಟಿ480ಯಂಥದ್ದರಲ್ಲಿ ಎಂಟನೇ ತಲೆಮಾರಿನ ಚಿಪ್ ಸಿಗುತ್ತದೆ, ರ‍್ಯಾಮ್, ಬ್ಯಾಟರಿ ಎರಡನ್ನೂ ಬದಲಿಸಬಹುದು. ಜಿಎಸ್‌ಟಿ ಬಿಲ್ಲು, ಬರಹದಲ್ಲಿ ವಾರಂಟಿ ಕೇಳಿ ಪಡೆಯಿರಿ. ಬಯಾಸ್ ಪಾಸ್‌ವರ್ಡ್ ಅಥವಾ ಹಳೇ ಕಂಪನಿಯ ಲಾಕ್ ಉಳಿದಿಲ್ಲ ಎಂಬುದನ್ನು ಅಂಗಡಿಯಲ್ಲೇ ಖಾತ್ರಿ ಮಾಡಿಕೊಳ್ಳಿ.

ಹೊಸದಾದರೆ ಇನ್ನೊಂದು ಪ್ರಶ್ನೆ: ಕೆಟ್ಟರೆ ಎಂಜಿನಿಯರ್ ಕುರಕುಂಭದ ನಿಮ್ಮ ಬಾಗಿಲಿಗೆ ಬರುತ್ತಾನೆಯೇ, ಇಲ್ಲ ನೀವೇ ಪುಣೆಗೆ ಹೊತ್ತೊಯ್ಯಬೇಕೇ? ನಿಮ್ಮ ಪಿನ್‌ಕೋಡ್ ಹೇಳಿ ಕೇಳಿ. ದಿನದ ಕೂಲಿ ಕಳೆದುಕೊಂಡು ಓಡಾಡುವುದೂ ಖರ್ಚೇ.

9. ಯಂತ್ರಕ್ಕಿಂತ ಫೈಲು ದೊಡ್ಡದು

ಯಾವ ಸ್ಕ್ರೂ ಬಿಚ್ಚುವ ಮುಂಚೆಯೂ ಟ್ಯಾಲಿ ಡೇಟಾ, ಮಕ್ಕಳ ಅಂಕಪಟ್ಟಿ, ಮನೆಯ ಫೋಟೊಗಳು ಹೊರಗಿನ ಡಿಸ್ಕಿಗೆ ಹೋಗಲಿ. ಕನ್ನಡಿಗರಿಗೆ ಇಲ್ಲೊಂದು ಹೆಚ್ಚಿನ ಎಚ್ಚರ ಬೇಕು. ಹಳೇ ನುಡಿ, ಬರಹ ತಂತ್ರಾಂಶದಲ್ಲಿ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಕಡತಗಳು ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಹಳೇ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಅವನ್ನು ಯುನಿಕೋಡ್‌ಗೆ ಪರಿವರ್ತಿಸಿ, ಒಂದೊಂದೇ ತೆರೆದು ಓದಿ ನೋಡಿ.

10. ಹಳೆಯದನ್ನು ಗುಜರಿಗೆ ಎಸೆಯಬೇಡಿ

ಮಾರುವ ಮುಂಚೆ ವಿಂಡೋಸಿನ ರೀಸೆಟ್‌ನಲ್ಲಿ ಡ್ರೈವನ್ನು ಪೂರ್ತಿ ಅಳಿಸುವ ಆಯ್ಕೆ ಒತ್ತಿ, ಅಥವಾ ಡಿಸ್ಕನ್ನೇ ಬಿಚ್ಚಿಟ್ಟುಕೊಳ್ಳಿ. ನಡೆಯುವ ಯಂತ್ರವಾದರೆ ಕಲಿಯುವ ಹುಡುಗಿಗೋ ಹುಡುಗನಿಗೋ ಕೊಡಿ. ಪೂರ್ತಿ ಸತ್ತಿದ್ದರೆ ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೇ ಸೇರಿಸಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಆಶಯವೂ ಇದೇ. ತಂತಿ ಸುಟ್ಟು ತಾಮ್ರ ತೆಗೆಯುವ ಕಡೆಗೆ ಹೋದರೆ ಆ ಹೊಗೆಯನ್ನು ಉಸಿರಾಡುವುದು ಯಾರದೋ ಮನೆಯ ಮಕ್ಕಳು.

ಹತ್ತನ್ನೂ ಒಟ್ಟು ಮಾಡಿದರೆ ಉಳಿಯುವ ಮಾತು ಒಂದೇ: ಡಿಸ್ಕು, ರ‍್ಯಾಮ್ ಬದಲಿಸಿದರೆ ಸರಿಹೋಗುವ ಯಂತ್ರವನ್ನು ಉಳಿಸಿಕೊಳ್ಳಿ, ಬೋರ್ಡೇ ಸೋತ ಯಂತ್ರಕ್ಕೆ ವಿದಾಯ ಹೇಳಿ. ಟಾಸ್ಕ್ ಮ್ಯಾನೇಜರ್ ಮತ್ತು ಪಿಸಿ ಹೆಲ್ತ್ ಚೆಕ್ ಎರಡಕ್ಕೂ ಕಾಸು ಬೇಡ, ಅರ್ಧ ಗಂಟೆ ಬಿಡುವು ಸಾಕು. ಆ ಅರ್ಧ ಗಂಟೆಯನ್ನು ಈ ಭಾನುವಾರವೇ ಕೊಡಿ. ಅಂಗಡಿಯವನು ಏನು ಮಾರಬೇಕೆಂದು ಯೋಚಿಸುವ ಮೊದಲೇ ಏನು ಕೊಳ್ಳಬೇಕೆಂಬುದು ನಿಮಗೆ ಗೊತ್ತಿರಲಿ.