ದೊಡ್ಡ ತಂತ್ರಾಂಶ ಮಾಡಿಸುವ ಮುನ್ನ: ವಿಭಾಗಗಳ ರಚನೆ ಮತ್ತು ಫ್ರೇಮ್‌ವರ್ಕ್‌ನ ಆಯ್ಕೆ

ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಿತು. 2017ರ ಜುಲೈ 1ರಂದು ಅದರ ಬದಲಿಗೆ ಸರಕು ಮತ್ತು ಸೇವಾ ತೆರಿಗೆ ಬಂದಿತು. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿಗೆ ಕಡ್ಡಾಯವಾದ ಇ-ಇನ್‌ವಾಯ್ಸ್, 2023ರ ಆಗಸ್ಟ್ 1ರ ವೇಳೆಗೆ 5 ಕೋಟಿ ಮೀರಿದವರನ್ನೂ ತಲುಪಿತು. 2025ರ ಸೆಪ್ಟೆಂಬರ್ 22ರಿಂದ ಅನೇಕ ಸರಕುಗಳ ದರಗಳೇ ಬದಲಾದವು. ಲೇತ್ ಯಂತ್ರದ ಮೇಲಿನ ಕೆಲಸ ಈ ಅವಧಿಯಲ್ಲಿ ಇಷ್ಟು ಸಲ ಬದಲಾಗಲಿಲ್ಲ. ಬಿಲ್ಲು ಬರೆಯುವ ಕ್ರಮ ಬದಲಾಯಿತು. ಸ್ವಂತ ತಂತ್ರಾಂಶ ಮಾಡಿಸಹೊರಟ ಉದ್ದಿಮೆದಾರರು ಮೊದಲು ಗಮನಿಸಬೇಕಾದುದು ಇದನ್ನೇ.

ಸಾಮಾನ್ಯವಾಗಿ ತಂತ್ರಾಂಶವನ್ನು ಕೆಲಸ ಸಾಗುವ ಕ್ರಮದಲ್ಲಿಯೇ ವಿಭಾಗಿಸುತ್ತಾರೆ: ಆರ್ಡರು, ದಾಸ್ತಾನು, ತಯಾರಿಕೆ, ಬಿಲ್ಲು, ಲೆಕ್ಕಪತ್ರ. ಡೇವಿಡ್ ಪಾರ್ನಸ್ ಎಂಬ ಗಣಕವಿಜ್ಞಾನಿ 1972ರ ಲೇಖನವೊಂದರಲ್ಲಿ ಬೇರೆಯ ಮಾರ್ಗವನ್ನು ತೋರಿಸಿದರು. ಮುಂದೆ ಬದಲಾಗಬಹುದಾದ ನಿರ್ಧಾರಗಳನ್ನು ಮೊದಲು ಗುರುತಿಸಿ, ಒಂದೊಂದನ್ನೂ ಒಂದೇ ವಿಭಾಗದ ಒಳಗೆ ಅಡಗಿಸಿಡಬೇಕೆಂಬುದು ಅವರ ವಾದ. ಒಂದೇ ಕೆಲಸವನ್ನು ಎರಡು ರೀತಿಯಲ್ಲಿ ವಿಭಾಗಿಸಿ, ಮೊದಲನೆಯ ರೀತಿಯಲ್ಲಿ ಮಾಹಿತಿಯನ್ನು ಇಡುವ ಕ್ರಮ ಬದಲಾದರೆ ಎಲ್ಲ ವಿಭಾಗಗಳಿಗೂ ಕೈಹಾಕಬೇಕಾಗುವುದನ್ನೂ, ಎರಡನೆಯದರಲ್ಲಿ ಅದು ಒಂದು ವಿಭಾಗಕ್ಕೇ ಸೀಮಿತವಾಗುವುದನ್ನೂ ಅವರು ವಿವರಿಸಿದರು.

ಯಂತ್ರದ ಬಿಡಿಭಾಗ ತಯಾರಿಸುವ ಘಟಕವೊಂದನ್ನು ಊಹಿಸಿಕೊಳ್ಳಬಹುದು. ತೆರಿಗೆಯ ದರವನ್ನು ಕೊಟೇಶನ್, ಆರ್ಡರು, ಬಿಲ್ಲು, ಮಾಲು ವಾಪಸಾತಿ ಈ ನಾಲ್ಕು ಕಡೆ ಬರೆದಿಟ್ಟಿದ್ದರೆ, ದರ ಬದಲಾದ ದಿನ ಮೂರನ್ನು ತಿದ್ದಿ ನಾಲ್ಕನೆಯದನ್ನು ಮರೆಯುವ ಸಂಭವವೇ ಹೆಚ್ಚು. ಹಳೆಯ ದರದ ಮೇಲೆ ಹೊಸದನ್ನು ಬರೆಯುವುದೂ ಸಲ್ಲದು. ಹಿಂದೆ ಮಾರಿದ ಮಾಲು ವಾಪಸು ಬಂದಾಗ ಕ್ರೆಡಿಟ್ ನೋಟಿಗೆ ಮೂಲ ಬಿಲ್ಲಿನ ದರವೇ ಬೇಕು. ಆದುದರಿಂದ ದರವನ್ನು ಜಾರಿಯ ದಿನಾಂಕದೊಡನೆ ತೆರಿಗೆ ವಿಭಾಗದಲ್ಲಿ ಮಾತ್ರ ಇಡಬೇಕು. ಉಳಿದ ವಿಭಾಗಗಳು ಸರಕಿನ ಸಂಕೇತ, ದಿನಾಂಕ, ಸರಬರಾಜಿನ ಸ್ಥಳಗಳನ್ನು ತಿಳಿಸಿ ಉತ್ತರ ಪಡೆಯಬೇಕೇ ಹೊರತು ಅದರ ಕಡತವನ್ನು ತಾವೇ ತೆರೆದು ನೋಡಬಾರದು. ಈ ನಿಯಮವನ್ನು ಬರೆಯುವುದು ಸುಲಭ. ಅವಸರದಲ್ಲಿರುವ ಪ್ರೋಗ್ರಾಮರ್‌ನಿಂದ ಪಾಲಿಸಿಸುವುದೇ ಕಷ್ಟ.

ವಿಭಾಗಗಳೆಂದರೆ ಬೇರೆ ಬೇರೆ ಸರ್ವರ್‌ಗಳೆಂದು ಅರ್ಥವಲ್ಲ. ಕೊಟೇಶನ್‌ಗಳಲ್ಲಿ ಮೈಕ್ರೋಸರ್ವಿಸ್ ಎಂಬ ಪದ ಕಂಡರೆ ಬೆಲೆಯೂ ಏರಿರುವುದುಂಟು. ಬಿಲ್ಲು ಮತ್ತು ದಾಸ್ತಾನು ಎರಡು ಸರ್ವರ್‌ಗಳಲ್ಲಿದ್ದು ನಡುವಿನ ಸಂಪರ್ಕ ಕಡಿದರೆ, ಬಿಲ್ಲಾದ ಮಾಲು ದಾಸ್ತಾನಿನಲ್ಲಿ ಹಾಗೆಯೇ ಉಳಿದೀತು. ಒಬ್ಬಿಬ್ಬರು ನೋಡಿಕೊಳ್ಳುವ ತಂತ್ರಾಂಶಕ್ಕೆ ಒಳಗೋಡೆಗಳು ಗಟ್ಟಿಯಾಗಿರುವ ಒಂದೇ ಕಟ್ಟಡ ಸಾಕು.

ಇನ್ನು ಫ್ರೇಮ್‌ವರ್ಕ್. ಕಂಬ ಮತ್ತು ಚಾವಣಿ ಸಿದ್ಧವಿರುವ ಶೆಡ್ಡಿನಂತೆ, ಪರದೆ, ಲಾಗಿನ್, ದತ್ತಾಂಶ ಸಂಗ್ರಹದ ಸಂಪರ್ಕ ಮೊದಲಾದವನ್ನು ಅದು ಸಿದ್ಧವಾಗಿ ಒದಗಿಸುತ್ತದೆ. ಆದರೆ ಅದಕ್ಕೂ ಆಯುಷ್ಯವುಂಟು. ಗೂಗಲ್‌ನ ಆಂಗ್ಯುಲರ್‌ಜೆಎಸ್ 2010ರಲ್ಲಿ ಬಂದು ಬಹಳ ಜನಪ್ರಿಯವಾಯಿತು. 2016ರ ಆಂಗ್ಯುಲರ್ 2 ಅದರ ಸರಳ ಮುಂದುವರಿಕೆಯಾಗಿರದೆ ಹೊಸ ರಚನೆಯೇ ಆಗಿತ್ತು. 2021ರ ಡಿಸೆಂಬರ್ ಅಂತ್ಯಕ್ಕೆ ಹಳೆಯದರ ಬೆಂಬಲ ನಿಂತಿತು. ಜಾಂಗೋದ ದೀರ್ಘಾವಧಿ ಆವೃತ್ತಿಗಳಿಗೂ ಸುಮಾರು ಮೂರು ವರ್ಷಗಳ ಬೆಂಬಲ ಮಾತ್ರ. ಆಯ್ಕೆಗೆ ಮುನ್ನ ಬೆಂಬಲ ಎಲ್ಲಿಯವರೆಗೆ, ಊರಿನಲ್ಲಿ ಅದನ್ನು ಬಲ್ಲವರು ಎಷ್ಟು ಮಂದಿ ಎಂದು ವಿಚಾರಿಸಬೇಕು, ಹೊಸತೆಂಬುದು ಅರ್ಹತೆಯಲ್ಲ. ಬೆಲೆ ಮತ್ತು ತೆರಿಗೆಯ ಲೆಕ್ಕವನ್ನು ಫ್ರೇಮ್‌ವರ್ಕ್‌ನಿಂದ ಹೊರಗಿರಿಸಿದ್ದರೆ ಶೆಡ್ಡು ಬದಲಾದರೂ ಯಂತ್ರ ಉಳಿಯುತ್ತದೆ. ಪರೀಕ್ಷೆಯೂ ಸರಳ: ಪರದೆಯನ್ನೇ ತೆರೆಯದೆ ಕಳೆದ ತಿಂಗಳ ಬಿಲ್ಲುಗಳ ತೆರಿಗೆಯನ್ನು ಮತ್ತೆ ಲೆಕ್ಕಹಾಕಿ ತೋರಿಸುವಂತೆ ತಯಾರಕರನ್ನು ಕೇಳಬೇಕು.

ಹೊರಗಿನವರಿಂದ ಬರೆಸಿದ ತಂತ್ರಾಂಶಕ್ಕೆ ಹಣ ಕೊಟ್ಟ ಮಾತ್ರಕ್ಕೆ ಅದರ ಕೃತಿಸ್ವಾಮ್ಯ ಬರೆಸಿದವರದಾಗದು. 1957ರ ಕೃತಿಸ್ವಾಮ್ಯ ಕಾಯಿದೆಯ 19ನೆಯ ಪ್ರಕರಣದಂತೆ ಹಸ್ತಾಂತರಕ್ಕೆ ಸಹಿ ಮಾಡಿದ ಲಿಖಿತ ಪತ್ರ ಬೇಕು. ಅದರಲ್ಲಿ ಅವಧಿ ನಮೂದಾಗದಿದ್ದರೆ ಐದು ವರ್ಷವೆಂದೇ ಭಾವಿಸಲಾಗುತ್ತದೆ. ಕರಾರಿನಲ್ಲಿ ಈ ಅವಧಿಯನ್ನೂ, ಮೂಲಸಂಕೇತವನ್ನು ಒಪ್ಪಿಸುವ ದಿನಾಂಕವನ್ನೂ ಬರೆಸಿ, ಕೊನೆಯ ಕಂತನ್ನು ಒಪ್ಪಿಸಿದ ನಂತರವೇ ಪಾವತಿ ಮಾಡುವುದು ಲೇಸು.