‘ಆದರೆ’ ಅಂದಮೇಲೆ ಆ ಹುಡುಗ ಹೇಳಿದ್ದೇನು?

ಪ್ರೀತಿಯ ಮಗಳೇ,

ವಕೀಲಿಕೆ ಶುರುಮಾಡಿದ ವರ್ಷವೇ ನಿನ್ನ ಕೈಗೆ ಕಠಿಣ ಕೇಸು ಬಂದಿದೆ. ಖೋಟಾ ಅಂಕಪಟ್ಟಿ ಕೊಟ್ಟ ಹುಡುಗ ಮ್ಯಾಜಿಸ್ಟ್ರೇಟರ ಮುಂದೆ, ‘ಹೌದು ಸ್ವಾಮಿ, ತಪ್ಪಾಯ್ತು. ಆದರೆ ಅದನ್ನು ಮಾಡಿದ್ದು ನಾನಲ್ಲ. ಏಜೆಂಟ್ ತಂದುಕೊಟ್ಟ, ಅಸಲಿ ಅಂತಲೇ ನಂಬಿದ್ದೆ’ ಅಂದನಂತೆ. ಆ ‘ಹೌದು’ ಒಂದೇ ಅವನನ್ನು ಅಪರಾಧಿಯಾಗಿಸಿ ಜೈಲಿಗೆ ಕಳಿಸಿತು. ಇನ್ನು ಮೇಲ್ಮನವಿಯೇ ಇಲ್ಲ ಎಂದು ಯಾರೋ ಅವನ ಅಪ್ಪನಿಗೆ ಹೇಳಿ ಕಳಿಸಿದ್ದಾರೆ.

ಪೂರ್ತಿ ನಿಜವಲ್ಲ ಅದು.

ತಪ್ಪೊಪ್ಪಿಕೊಂಡವನು ಶಿಕ್ಷೆಯ ಪ್ರಮಾಣ ಅಥವಾ ಕಾನೂನುಬದ್ಧತೆಯನ್ನಷ್ಟೇ ಪ್ರಶ್ನಿಸಬಹುದು ಎನ್ನುತ್ತದೆ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಂ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 375. ಆದರೆ ಆ ತಡೆ ನಿಜವಾದ ತಪ್ಪೊಪ್ಪಿಗೆಗೆ ಮಾತ್ರ. ಖೋಟಾ ದಸ್ತಾವೇಜು ಸೃಷ್ಟಿಸಿದವನೇ ಫೋರ್ಜರಿಯ ಅಪರಾಧಿ ಎಂದು 2018ರಲ್ಲಿ ಶೀಲಾ ಸೆಬಾಸ್ಟಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. ಬಳಸುವುದು ಬೇರೆ ಅಪರಾಧ, ಅದಕ್ಕೂ ಖೋಟಾ ಎಂಬ ಅರಿವು, ಇಲ್ಲವೇ ಹಾಗೆ ನಂಬಲು ಕಾರಣ ಇರಬೇಕು. ಹುಡುಗ ಆಡಿದ ಮಾತು ಎರಡನ್ನೂ ಅಲ್ಲಗಳೆಯುತ್ತದೆ. ಅದನ್ನು ತಪ್ಪೊಪ್ಪಿಗೆ ಅನ್ನುವುದಾದರೂ ಹೇಗೆ?

ಹಾಗಾಗಿ ಮೊದಲು ನಕಲು ಅರ್ಜಿ ಹಾಕು. ತೀರ್ಪಿನ ಪ್ರತಿಯೊಂದೇ ಸಾಲದು, ಆರ್ಡರ್ ಶೀಟ್ ಬೇಕು. ಎಷ್ಟೋ ಕಡತಗಳಲ್ಲಿ ‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಸಿದ್ಧ ಸಾಲು, ಕೆಳಗೆ ಅವಸರದ ಸಹಿ, ಪಕ್ಕದಲ್ಲಿ ಹರಡಿದ ಹೆಬ್ಬೆಟ್ಟಿನ ನೀಲಿ ಶಾಯಿ, ಇಷ್ಟೇ ಇರುತ್ತದೆ. ಸಮನ್ಸ್ ಪ್ರಕರಣದಲ್ಲಿ ಆರೋಪಿಯ ಉತ್ತರವನ್ನು ಆದಷ್ಟೂ ಅವನದೇ ಮಾತುಗಳಲ್ಲಿ ಬರೆದುಕೊಳ್ಳಬೇಕು (ಕಲಂ 275). ಎರಡು ವರ್ಷದವರೆಗಿನ ಶಿಕ್ಷೆಯ ಸಾದಾ ಫೋರ್ಜರಿ ಅದೇ ಗುಂಪಿನದು. ಹಾಗೆ ಬರೆದುಕೊಳ್ಳದಿದ್ದರೆ ವಿಚಾರಣೆಯೇ ಕೆಡುತ್ತದೆ ಎಂದು ಮಹಂತ ಕೌಶಲ್ಯದಾಸ್ ಪ್ರಕರಣದಲ್ಲಿ 1960ರ ದಶಕದಲ್ಲೇ ತೀರ್ಮಾನವಾಗಿದೆ.

ಕೋರ್ಟಿನ ಮೊಗಸಾಲೆಯಲ್ಲಿ ಅವನ ಕಿವಿಗೆ ಬಿದ್ದದ್ದೇನು, ಅದನ್ನೂ ಕೇಳು. ‘ಒಪ್ಪಿಕೋ, ದಂಡ ಕಟ್ಟಿ ಮನೆಗೆ ಹೋಗಬಹುದು’ ಎಂದು ಯಾರಾದರೂ ಆಸೆ ಹುಟ್ಟಿಸಿದ್ದರೆ ಕರ್ನಾಟಕದ್ದೇ ಒಂದು ಅಪಘಾತದ ಕೇಸು ನೆರವಿಗೆ ಬರುತ್ತದೆ. ಅಂಥ ನಂಬಿಕೆಯ ಮೇಲೆ ಒಪ್ಪಿಕೊಂಡವನಿಗೆ ಹೈಕೋರ್ಟ್ ದಂಡದ ಜಾಗದಲ್ಲಿ ಜೈಲು ವಿಧಿಸಿದಾಗ, ಅದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದ ಸುಪ್ರೀಂ ಕೋರ್ಟ್ ಹೊಸ ವಿಚಾರಣೆಗೆ ಆದೇಶಿಸಿತು. ಇದು 1982ರ ಮಾತು.

ಹುಡುಗನ ಅಪ್ಪನ ಹತ್ತಿರ ಮಾತ್ರ ಬಿಚ್ಚಿ ಮಾತಾಡು. ಮೇಲ್ಮನವಿ ಗೆದ್ದರೂ ಬಹುತೇಕ ಸಿಗುವುದು ಮರುವಿಚಾರಣೆ, ಬಿಡುಗಡೆಯಲ್ಲ. ಅಲ್ಲಿ ಏಜೆಂಟ್ ಯಾರು, ಅವನಿಗೆ ಹಣ ಹೋದದ್ದು ಹೇಗೆ ಎಂಬುದಕ್ಕೆಲ್ಲ ಸಾಕ್ಷ್ಯ ಬೇಕು. ಫೋನಿನಲ್ಲಿರುವ ಸಂದೇಶ, ಬ್ಯಾಂಕ್ ಪಾಸ್‌ಬುಕ್ ಇವತ್ತೇ ಜೋಪಾನ ಮಾಡಿಸು.

ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಲು ಮೂವತ್ತು ದಿನ. ನಕಲು ಸಿಗಲು ಹಿಡಿದ ಸಮಯವನ್ನು ಅದರಲ್ಲಿ ಲೆಕ್ಕ ಹಿಡಿಯುವುದಿಲ್ಲ, ಆದರೂ ಕಾಯಬೇಡ. ಶಿಕ್ಷೆ ಅಮಾನತಿನ ಅರ್ಜಿಯನ್ನೂ (ಕಲಂ 430) ಜೊತೆಯಲ್ಲೇ ಸಲ್ಲಿಸು. ಆ ಮನೆಯವರ ಹತ್ತಿರ ದುಡ್ಡಿಲ್ಲವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬರೆ. ಬಂಧನದಲ್ಲಿರುವವನಿಗೆ ಉಚಿತ ನೆರವು 1987ರ ಕಾನೂನು ಸೇವಾ ಕಾಯ್ದೆ ಕೊಟ್ಟ ಹಕ್ಕು. ಈ ವಾರವೇ ಜೈಲಿಗೆ ಹೋಗಿ ಬಾ. ‘ಆದರೆ’ ಅಂದಮೇಲೆ ಅವನು ಹೇಳಿದ್ದನ್ನು ಒಂದಕ್ಷರ ತಿದ್ದದೆ ಬರೆದುಕೊಂಡು ಬಾ.